ನಡುಮನೆಯ ಬೆಂಕಿ

ಮೊದಲು ಮೂಗಿಗೆ ಬಡಿದದ್ದು ಹೊಗೆ. ಹೊರಗೆ ಏಪ್ರಿಲ್ ತಿಂಗಳ ತೆಳು ಬಿಸಿಲು, ಒಳಗೆ ಕತ್ತಲೆ. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು ಸುಮ್ನೆ ನಿಂತುಕೊಂಡೆ. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು, ಮನೆಯ ನಟ್ಟನಡುವೆ, ನೆಲದ ಮೇಲೆಯೇ ಬೆಂಕಿ ಉರಿಯುತ್ತಿದೆ. ಒಲೆ ಇಲ್ಲ, ಚಿಮಣಿ ಇಲ್ಲ. ನಾಲ್ಕು ಕೊಳ್ಳಿ, ಒಂದಿಷ್ಟು ಬೂದಿ, ಅಷ್ಟೇ. ಹೊಗೆ ಆರಾಮಾಗಿ ಮೇಲೆದ್ದು ಮಾಡಿನ ಕತ್ತಲೆಯಲ್ಲಿ ಸೇರಿಕೊಳ್ಳುತ್ತಿದೆ.

"ಅಕ್ಕಾ, ನಮ್ಮ ಬಚ್ಚಲುಮನೆ ವಾಸನೆ," ಅಂದಳು ತಂಗಿ.

ಹೌದು, ಅದೇ ವಾಸನೆ. ಬೆಳಗಿನ ಜಾವ ನೀರೊಲೆಗೆ ಬೆಂಕಿ ಹಾಕಿದಾಗ ಮನೆ ತುಂಬಾ ಹರಡುತ್ತಿದ್ದದ್ದು. ಇಂಗ್ಲೆಂಡಿನವರೆಗೆ ಬಂದು ಬಚ್ಚಲುಮನೆ ನೆನಪಿಸಿಕೊಂಡೆವಲ್ಲ ಅಂತ ಇಬ್ಬರಿಗೂ ನಗು.

ನಾವಿದ್ದದ್ದು ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್ ಎಂಬ ಹಳ್ಳಿಯಲ್ಲಿ. ಚಿಚೆಸ್ಟರ್ ಪಟ್ಟಣದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಅಲ್ಲಿ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಲಿವಿಂಗ್ ಮ್ಯೂಸಿಯಂ ಇದೆ. ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದ ಹಳೆಯ ಮನೆ, ಕೊಟ್ಟಿಗೆ, ಕಣಜಗಳನ್ನು ಗುಡ್ಡದ ಬುಡದಲ್ಲಿ ಒಂದು ಊರಿನ ಹಾಗೆ ನಿಲ್ಲಿಸಿದ್ದಾರೆ. ತಂಗಿ ಆ ಕಡೆಗೆ ಹೋಗಿ ಆರು ವರ್ಷ ಆಯಿತು, ಒಮ್ಮೆಯೂ ಇಲ್ಲಿಗೆ ಬಂದಿರಲಿಲ್ಲ. ಊರಿನಿಂದ ನೆಂಟರು ಬರದೆ ಯಾರು ತಾನೆ ತಮ್ಮೂರಿನ ಮ್ಯೂಸಿಯಂ ನೋಡುತ್ತಾರೆ?

ಹೊಗೆ ತುಂಬಿದ ಈ ರೈತಮನೆಯ ಹೆಸರು ಬೇಲೀಫ್. ಬೇಲೀಫ್ ಅಂದರೆ ನಾವು ಪಲಾವಿಗೆ ಹಾಕುವ ಎಲೆ ಅಲ್ವಾ? ತಂಗಿ ಅಲ್ಲೇ ಅದಕ್ಕೆ 'ಪಲಾವ್ ಎಲೆ ಮನೆ' ಅಂತ ಹೆಸರಿಟ್ಟಳು. ಈಗಲೂ ಫೋನಿನಲ್ಲಿ ಅದೇ ಹೆಸರು.

ಪಲಾವ್ ಎಲೆ ಮನೆ ಕಟ್ಟಿದ್ದು 15ನೇ ಶತಮಾನದ ಆರಂಭದಲ್ಲಿ. ಅದು ಇದ್ದದ್ದು ಇಲ್ಲಲ್ಲ, ಕೆಂಟ್ ಪ್ರಾಂತ್ಯದ ಚಿಡಿಂಗ್‌ಸ್ಟೋನ್ ಹತ್ತಿರ. ಕಟ್ಟಿಸಿದವರು ಜಮೀನ್ದಾರರೂ ಅಲ್ಲ, ಕೂಲಿಗಳೂ ಅಲ್ಲ. 1348-49ರ ಮಹಾಪ್ಲೇಗಿನಲ್ಲಿ ಇಂಗ್ಲೆಂಡಿನ ಜನಸಂಖ್ಯೆಯಲ್ಲಿ ದೊಡ್ಡ ಪಾಲೇ ಸತ್ತುಹೋಯಿತು. ಉಳಿದವರಿಗೆ ಕೂಲಿ ಜಾಸ್ತಿ ಸಿಕ್ಕಿತು, ಪಾಳುಬಿದ್ದ ಜಮೀನು ಕಡಿಮೆ ಗೇಣಿಗೆ ಸಿಕ್ಕಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಕೆಂಟ್ ಮತ್ತು ಸಸೆಕ್ಸ್‌ನ ಕಾಡುಸೀಮೆಯಲ್ಲಿ ನಾಲ್ಕು ಕಾಸು ಕಂಡ ರೈತರು ಹುಟ್ಟಿಕೊಂಡರು. ಕಾಸು ಕಂಡ ರೈತ ಮೊದಲು ಮಾಡುವುದೇನು? ಮನೆ ಕಟ್ಟಿಸುತ್ತಾನೆ. ಆ ಕಾಡುಸೀಮೆಗೆ ವೀಲ್ಡ್ ಅಂತ ಹೆಸರು. ಹಾಗಾಗಿ ಈ ಮಾದರಿಗೆ ವೀಲ್ಡನ್ ಮನೆ ಅನ್ನುತ್ತಾರೆ.

ಹೊರಗಿನಿಂದ ನೋಡಿದರೆ ಮುಖ ಸ್ವಲ್ಪ ವಿಚಿತ್ರ. ಎರಡೂ ಕೊನೆಗಳಲ್ಲಿ ಮಹಡಿ ಇದೆ. ಆ ಮಹಡಿಗಳು ಕೆಳಗಿನ ಗೋಡೆಯಿಂದ ಒಂದು ಒಂದೂವರೆ ಅಡಿ ಮುಂದಕ್ಕೆ ಚಾಚಿಕೊಂಡಿವೆ. ನಡುವಿನ ಭಾಗಕ್ಕೆ ಮಹಡಿಯಿಲ್ಲ, ಅದರ ಗೋಡೆ ಒಳಕ್ಕೇ ಉಳಿದಿದೆ. ಆದರೆ ಮಾಡು ಮಾತ್ರ ಒಂದೇ, ಈ ತುದಿಯಿಂದ ಆ ತುದಿಗೆ ನೆಟ್ಟಗೆ ಸಾಗುತ್ತದೆ. ಹಾಗಾಗಿ ನಡುವಿನ ಭಾಗದಲ್ಲಿ ಸೂರು ಗೋಡೆಯಿಂದ ದೂರ ನಿಲ್ಲುತ್ತದೆ. ಅದನ್ನು ಹೊರಲು ಅಕ್ಕಪಕ್ಕದಿಂದ ಬಿಲ್ಲಿನ ಹಾಗೆ ಬಾಗಿದ ಎರಡು ಆಸರೆ ಮರ ಕೊಟ್ಟಿದ್ದಾರೆ. ಯಾರೋ ಎರಡು ಕೈ ಎತ್ತಿ ಮಾಡನ್ನು ಹಿಡಿದುಕೊಂಡ ಹಾಗೆ ಕಾಣುತ್ತದೆ.

ಅಲ್ಲಿನವರು ಮನೆಯನ್ನು 'ಬೇ' ಲೆಕ್ಕದಲ್ಲಿ ಅಳೆಯುತ್ತಾರೆ. ಎರಡು ಸಾಲು ಕಂಬದ ನಡುವಿನ ಜಾಗ ಒಂದು ಬೇ. ಇದನ್ನು ಕೇಳಿದ ಕೂಡಲೇ ನನಗೆ ಖುಷಿಯಾಯಿತು, ಏಕೆಂದರೆ ಇದು ನಮ್ಮ ಅಂಕಣ! 'ಮೂರಂಕಣದ ಮನೆ', 'ಐದಂಕಣದ ಮನೆ' ಅಂತ ನಮ್ಮ ಕಡೆ ಹೇಳುತ್ತೇವಲ್ಲ, ಅದೇ ಲೆಕ್ಕ. ಪಲಾವ್ ಎಲೆ ಮನೆ ನಾಲ್ಕಂಕಣದ್ದು. ಒಂದು ತುದಿಯ ಅಂಕಣದಲ್ಲಿ ಉಗ್ರಾಣ. ಇನ್ನೊಂದು ತುದಿಯದು ಯಜಮಾನನ ಖಾಸಗಿ ಕೋಣೆಗಳಿಗೆ. ನಡುವಿನ ಎರಡು ಅಂಕಣ ಹಾಲ್.

ಉಗ್ರಾಣದಲ್ಲಿ ಎರಡು ಕೋಣೆ. ಒಂದು ಪ್ಯಾಂಟ್ರಿ, ಇನ್ನೊಂದು ಬಟರಿ. ಬಟರಿಯಲ್ಲಿ ಬೆಣ್ಣೆ ಇಡುತ್ತಿದ್ದರು ಅಂದುಕೊಂಡಿದ್ದೆ. ಅಲ್ಲವಂತೆ. ಪೀಪಾಯಿಗೆ ಅವರ ಹಳೆಯ ಮಾತಿನಲ್ಲಿ 'ಬಟ್' ಅನ್ನುತ್ತಿದ್ದರು, ಅದರಿಂದ ಬಟರಿ. ಇದ್ದದ್ದು ಬಿಯರ್. ಪ್ಯಾಂಟ್ರಿ ಬ್ರೆಡ್ಡಿಗೆ. ಫ್ರೆಂಚರ 'ಪ್ಯಾಂ', ಅಂದರೆ ರೊಟ್ಟಿ, ಆ ಪದದ ಒಳಗೇ ಕೂತಿದೆ.

ನನಗೆ ಬಿಡದೆ ಕಾಡಿದ್ದು ಹಾಲ್. ಅದು ನೆಲದಿಂದ ಮಾಡಿನವರೆಗೆ ತೆರೆದ ಒಂದೇ ಕೋಣೆ. ಎತ್ತರದ ಕಿಟಕಿಗಳು, ಗಾಜಿಲ್ಲ. ಚೌಕದ ಮರದ ಕಂಬಿಗಳನ್ನು ಮೂಲೆ ಮುಂದಾಗಿ ತಿರುಗಿಸಿ ನೆಟ್ಟಿದ್ದಾರೆ, ಒಳಗಿನಿಂದ ಮರದ ಬಾಗಿಲು. ಗಾಳಿ ಬೀಸುವ ಕಡೆಯದನ್ನು ಮುಚ್ಚು, ಎದುರಿನದನ್ನು ತೆರೆ, ಇಷ್ಟೇ ಅಂದಿನ ವೆಂಟಿಲೇಶನ್. ಇಂಗ್ಲಿಷಿನ 'ವಿಂಡೋ' ಬಂದದ್ದೇ ಹಳೆಯ ನಾರ್ಸ್ ಭಾಷೆಯ 'ಗಾಳಿಯ ಕಣ್ಣು' ಎನ್ನುವ ಪದದಿಂದ. ನಮ್ಮ ಗವಾಕ್ಷಿಯಲ್ಲೂ ಕಣ್ಣೇ ಇದೆ, ಆದರೆ ಅದು ದನದ ಕಣ್ಣು. ನನಗಂತೂ ಎರಡಕ್ಕಿಂತ ನಮ್ಮ ಬೆಳಕಿಂಡಿಯೇ ಇಷ್ಟ.

ಬೆಂಕಿಯ ಪಕ್ಕ ಹಳೆಯ ಕಾಲದ ಉಡುಪು ಹಾಕಿಕೊಂಡ ಒಬ್ಬ ಅಜ್ಜಿ ಸ್ಟೂಲಿನ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು. ಮ್ಯೂಸಿಯಂನ ಸ್ವಯಂಸೇವಕಿ. ನಾನು ಕೆಮ್ಮುತ್ತಾ ನಿಂತಿದ್ದನ್ನು ನೋಡಿ, "ನೀವು ನಿಂತಿದ್ದೀರಿ, ಅದಕ್ಕೇ ಕೆಮ್ಮು. ಕೂತುಕೊಳ್ಳಿ," ಅಂದರು. ಕೂತೆ. ಆಶ್ಚರ್ಯ ಅಂದರೆ ಹೊಗೆಯೇ ಇಲ್ಲ! ಹೊಗೆ ನಮ್ಮ ತಲೆಯ ಮೇಲೆ ಒಂದು ಚಾವಣಿಯ ಹಾಗೆ ನಿಂತಿದೆ, ಅದರ ಕೆಳಗೆ ಗಾಳಿ ತಿಳಿಯಾಗಿದೆ. ಕೋಣೆ ಇಷ್ಟು ಎತ್ತರ ಯಾಕೆ ಅಂತ ಆಗ ತಿಳಿಯಿತು. ಅಷ್ಟು ಎತ್ತರ ಬೇಕಿದ್ದದ್ದು ಹೊಗೆಗೆ. ಮೇಲಿನ ಅರ್ಧ ಮನೆ ಹೊಗೆಯದು, ಕೆಳಗಿನ ಅರ್ಧ ಮನುಷ್ಯರದು. ಅದು ಹೆಂಚುಗಳ ಸಂದಿಯಲ್ಲಿ ನಿಧಾನವಾಗಿ ಸೋರಿ ಹೊರಗೆ ಹೋಗುತ್ತದೆ. ಹೊರಗೆ ಬಂದು ನೋಡಿದರೆ ಇಡೀ ಮಾಡು ಉಸಿರಾಡುತ್ತಿರುವ ಹಾಗೆ ಮೆಲ್ಲಗೆ ಹೊಗೆಯಾಡುತ್ತಿತ್ತು.

ಯಾರು ಎಲ್ಲಿ ಕೂರಬೇಕು ಅನ್ನುವುದನ್ನೂ ಆ ಕೋಣೆಯೇ ಹೇಳುತ್ತದೆ. ಉಗ್ರಾಣದ ಕಡೆಗೆ ಎದುರುಬದುರು ಎರಡು ಬಾಗಿಲು, ಓಡಾಟದ ದಾರಿ, ಬೀಸುಗಾಳಿ. ಅದು ಕೆಳಗಿನ ತುದಿ. ಬೆಂಕಿಯಿಂದಾಚೆ, ಗಾಳಿಗೆ ಮರೆಯಾದ ಕಡೆ ಮೇಲಿನ ತುದಿ. ಅಲ್ಲಿ ಉದ್ದನೆಯ ಮೇಜು, ಗೋಡೆಗೆ ಒತ್ತಿ ಬೆಂಚು. ಯಜಮಾನ ಕೂರುವುದು ಅಲ್ಲಿ. ಆಳುಗಳು ಕೆಳಗಿನ ಕಡೆ. ಆದರೆ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಬೆಂಕಿಗೆ. ಊಟ ಅಲ್ಲೇ, ಲೆಕ್ಕಪತ್ರ ಅಲ್ಲೇ, ಜಗಳವೂ ಅಲ್ಲೇ ಇದ್ದಿರಬೇಕು.

ಇನ್ನೊಂದು ವಿಷಯ ಮೇಲೆ ಹತ್ತಿದ ಮೇಲೆ ಗೊತ್ತಾಯಿತು. ಯಜಮಾನನ ಮಹಡಿಯಿಂದ ಉಗ್ರಾಣದ ಮೇಲಿನ ಮಹಡಿಗೆ ದಾರಿಯೇ ಇಲ್ಲ. ನಡುವೆ ಹಾಲ್ ಬಾಯಿ ತೆರೆದುಕೊಂಡು ನಿಂತಿದೆ. ಒಂದು ಕಡೆಯಿಂದ ಇಳಿದು, ಹಾಲ್ ದಾಟಿ, ಇನ್ನೊಂದು ಕಡೆ ಹತ್ತಬೇಕು. ಅಂದರೆ ಈ ಮನೆಯಲ್ಲಿ ಯಾರೂ ಯಾರ ಕಣ್ಣಿಗೂ ಬೀಳದೆ ಓಡಾಡುವ ಹಾಗಿರಲಿಲ್ಲ.

ಮರಗೆಲಸದ ಬಗ್ಗೆ ಬರೆಯದೆ ಹೋದರೆ ನಮ್ಮ ಅಪ್ಪ ಬೈಯುತ್ತಾರೆ. ಇಡೀ ಮನೆ ಓಕ್ ಮರದ ಚೌಕಟ್ಟು. ಮರ ಕಡಿದು ಒಣಗಿಸುತ್ತಿರಲಿಲ್ಲ, ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್ ಕಬ್ಬಿಣದಷ್ಟು ಗಟ್ಟಿ, ಉಳಿಯೇ ಸವೆಯುತ್ತದೆ. ಒಂದು ಮರದ ತುದಿಯನ್ನು ನಾಲಗೆಯ ಹಾಗೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ ಮರದ ಗೂಟ ಹೊಡೆಯುವುದು ನಮ್ಮ ಆಚಾರಿಗಳಿಗೂ ಗೊತ್ತಿರುವ ಕೆಲಸ. ಇಲ್ಲಿ ಒಂದು ಕಿತಾಪತಿ ಇದೆ. ಎರಡು ಮರದ ಗೂಟದ ತೂತುಗಳನ್ನು ಬೇಕೆಂದೇ ಒಂದಕ್ಕೊಂದು ಸರಿಹೊಂದದ ಹಾಗೆ, ಕೂದಲೆಳೆಯಷ್ಟು ಓರೆಯಾಗಿ ಕೊರೆಯುತ್ತಾರೆ. ಒಣಗಿದ ಗೂಟವನ್ನು ಹೊಡೆದಾಗ ಅದು ಬಾಗುತ್ತಾ ಒಳಹೋಗಿ ಎರಡನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಹಸಿಮರ ಒಣಗಿ, ಸೊಟ್ಟಗಾಗಿ, ಗೂಟವನ್ನು ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಳೆಯ ಇಂಗ್ಲಿಷ್ ಮನೆಗಳ ತೊಲೆಗಳು ಡೊಂಕಾಗಿ ಕಾಣುವುದು ಅದಕ್ಕೇ. ಆ ಡೊಂಕೇ ಮನೆಯನ್ನು ಹಿಡಿದಿಟ್ಟಿದೆ.

ಕಂಬಗಳು ಮೇಲಕ್ಕೆ ಹೋದಂತೆ ದಪ್ಪವಾಗುತ್ತವೆ. ಯಾಕೆ? ಮರವನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ. ಬುಡದ ದಪ್ಪ ಭಾಗ ಮೇಲಿದ್ದರೆ ಅಲ್ಲಿ ಗೋಡೆಯ ತೊಲೆ, ಅಡ್ಡತೊಲೆ ಎರಡನ್ನೂ ಕೂರಿಸಲು ಬೇಕಾದಷ್ಟು ಮರ ಸಿಗುತ್ತದೆ. ಕಂಬದ ನಡುವಿನ ಗೋಡೆ ನಮಗೆ ಹೊಸದೇನಲ್ಲ, ತಡಿಕೆ ಹೆಣೆದು ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ್ದು.

ಎಷ್ಟು ಮರ ಬೇಕಾಗುತ್ತಿತ್ತು? ಕಾಡುಗಳ ಇತಿಹಾಸ ಬರೆದ ಆಲಿವರ್ ರ‍್ಯಾಕ್ಹಮ್ ಎಂಬ ವಿದ್ವಾಂಸರು ಸಫೋಕ್ ಪ್ರಾಂತ್ಯದ ಒಂದು ರೈತಮನೆಯ ಮರಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ್ದರು. ಸುಮಾರು 330 ಓಕ್ ಮರ. ದೊಡ್ಡ ಮರಗಳೇನಲ್ಲ, ಹೆಚ್ಚಿನವು ಸಣ್ಣವು. ದೊಡ್ಡ ಮರ ಕಡಿದು ಸೀಳುವ ಶ್ರಮ ಯಾಕೆ, ತೊಲೆಯಷ್ಟೇ ದಪ್ಪದ ಮರ ಹುಡುಕಿ ನಾಲ್ಕು ಮುಖ ಚೌಕ ಮಾಡಿದರಾಯಿತು ಅನ್ನುವ ಲೆಕ್ಕಾಚಾರ. ಅಂದಹಾಗೆ ಇಂಗ್ಲೆಂಡಿನಲ್ಲಿ ಹಳೆಯ ಮನೆಯಲ್ಲಿರುವವರನ್ನು ಮಾತಾಡಿಸಿದರೆ, ನಮ್ಮ ಮನೆಯ ತೊಲೆಗಳು ಹಳೆಯ ಹಡಗಿನವು ಅಂತ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಹೆಚ್ಚಿನ ಕಡೆ ಅದು ಬರೀ ಕಥೆ. ಖಾಲಿ ತೂತು ಕಂಡರೆ ಹಡಗು ಅನ್ನುತ್ತಾರೆ, ಅಷ್ಟೇ. ಕಪ್ಪು ಮರ, ಬಿಳಿ ಗೋಡೆಯ ಆ ಕ್ಯಾಲೆಂಡರ್ ಚಿತ್ರವೂ ಬಹುಪಾಲು ವಿಕ್ಟೋರಿಯಾ ಕಾಲದ ಶೋಕಿ. ಬಣ್ಣ ಹಚ್ಚದೆ ಬಿಟ್ಟ ಓಕ್ ಬೆಳ್ಳಿಯ ಹಾಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪಲಾವ್ ಎಲೆ ಮನೆ ಹಾಗೇ ಇದೆ, ಪುಣ್ಯಕ್ಕೆ.

ಅಜ್ಜಿ ಕೈಹಿಡಿದು ಒಂದು ಮೂಲೆಗೆ ಕರೆದುಕೊಂಡು ಹೋಗಿ ಟಾರ್ಚ್ ಬಿಟ್ಟರು. ಕಂಬ ಮತ್ತು ಆಸರೆಮರ ಸೇರುವಲ್ಲಿ ಎರಡರ ಮೇಲೂ ಉಳಿಯ ಗೀರುಗಳು. ನಾಲ್ಕು ಗೆರೆ ಇದರ ಮೇಲೆ, ನಾಲ್ಕು ಗೆರೆ ಅದರ ಮೇಲೆ. ರೋಮನ್ ಅಂಕಿ. ಶಾಲೆಯಲ್ಲಿ ಕಲಿತ ಹಾಗೆ ಐದರ ಹಿಂದೆ ಒಂದು ಗೆರೆ ಹಾಕಿದ ನಾಲ್ಕಲ್ಲ, ನೇರ ನಾಲ್ಕು ಗೆರೆ. ಉಳಿಗೆ ನೇರ ಗೆರೆ ಸುಲಭ, ಮೇಲಾಗಿ ಮರ ಉಲ್ಟಾ ಆದರೂ ನಾಲ್ಕು ಗೆರೆ ನಾಲ್ಕೇ. ಆ ಕಾಲದ ಆಚಾರಿಗಳು ಇಡೀ ಮನೆಯನ್ನು ಮೊದಲು ತಮ್ಮ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸುತ್ತಿದ್ದರಂತೆ. ಪ್ರತಿ ಕೀಲಿಗೂ ನಂಬರ್ ಕೆತ್ತಿ, ಬಿಚ್ಚಿ, ಗಾಡಿಯಲ್ಲಿ ಸಾಗಿಸಿ, ಜಾಗದಲ್ಲಿ ಎತ್ತಿ ನಿಲ್ಲಿಸುತ್ತಿದ್ದರು. ಬಿಚ್ಚಿ ಕಟ್ಟುವುದು ಈ ಮನೆಗೆ ಹುಟ್ಟಿನಿಂದಲೇ ಬಂದ ಗುಣ.

ಅದೇ ಗುಣ 1968ರಲ್ಲಿ ಅದನ್ನು ಉಳಿಸಿತು. ಮನೆಯಿದ್ದ ಕಣಿವೆಯಲ್ಲಿ ಬೌ ಬೀಚ್ ಎಂಬ ಜಲಾಶಯ ಬಂತು, ಮನೆ ಮುಳುಗಡೆ ಪಟ್ಟಿಗೆ ಸೇರಿತು. ರಾಯ್ ಆರ್ಮ್‌ಸ್ಟ್ರಾಂಗ್ ಎಂಬವರು ಆ ಹೊತ್ತಿಗೆ ಇಂಥದ್ದೊಂದು ಮ್ಯೂಸಿಯಂ ಕಟ್ಟುವ ಹಟ ಹಿಡಿದಿದ್ದರು. ಹತ್ತಿರದ ಕ್ರಾಲಿಯಲ್ಲಿ ಹೊಸ ಪಟ್ಟಣ ಕಟ್ಟುವಾಗ ಮಧ್ಯಯುಗದ ಮರದ ಮನೆಯನ್ನು ಕೆಡವಿದ್ದು ಅವರ ಮನಸ್ಸಿನಲ್ಲಿ ಉಳಿದುಹೋಗಿತ್ತು. ನೀರಿನ ಕಂಪನಿ ಮನೆಯನ್ನು ಅವರಿಗೆ ಕೊಟ್ಟಿತು. ಮ್ಯೂಸಿಯಂ 1970ರಲ್ಲಿ ಬಾಗಿಲು ತೆರೆಯಿತು.

ಇದನ್ನು ಕೇಳುತ್ತಾ ತಂಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಮ್ಮದು ಶರಾವತಿ ಮುಳುಗಡೆಯ ಮನೆತನ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲೇ ಅಜ್ಜ ಮನೆ ಬಿಚ್ಚಿಸಿದ್ದರು. ಕಂಬ, ತೊಲೆ, ಹೆಬ್ಬಾಗಿಲು, ಹೆಂಚು, ಎಲ್ಲ ಲಾರಿಯಲ್ಲಿ ಹೊಸ ಊರಿಗೆ ಬಂತು. ಅಪ್ಪನಿಗೆ ಆಗ ಹನ್ನೆರಡು ವರ್ಷ. ಇದ್ದಿಲಿನಲ್ಲಿ ನಂಬರ್ ಬರೆಯುವ ಕೆಲಸ ಅವರದಂತೆ. ದಾರಿಯಲ್ಲಿ ಮಳೆ ಬಂದು ಅರ್ಧ ನಂಬರ್ ತೊಳೆದುಹೋಯಿತು. ಅದಕ್ಕೇ ನಮ್ಮ ಜಗುಲಿಯ ಒಂದು ಕಂಬದ ಹೂವು ಈಗಲೂ ತಲೆಕೆಳಗಾಗಿದೆ. ಉಳಿಯಲ್ಲಿ ಕೆತ್ತಿದ್ದರೆ ಈ ಗತಿ ಬರುತ್ತಿರಲಿಲ್ಲ ಅಂತ ಅಪ್ಪನಿಗೆ ಅಲ್ಲಿಂದಲೇ ಫೋಟೋ ಕಳಿಸಿದೆ. 'ಮಳೆಗೆ ಇದನ್ನು ಹೇಳಬೇಕಿತ್ತು' ಅಂತ ಉತ್ತರ ಬಂತು.

ನಮ್ಮಲ್ಲಿ ಮುಳುಗಡೆಯ ಜನ ಮನೆ ಬಿಚ್ಚಿ ಹೊತ್ತುಕೊಂಡು ಹೋದದ್ದು ವಾಸಕ್ಕೆ. ನೋಡುವುದಕ್ಕೆ ಅಂತ ಮನೆ ಉಳಿಸಿದವರು ಆಮೇಲೆ ಬಂದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹೀಗೆ ಬೇರೆ ಬೇರೆ ಊರಿನ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಿದ್ದನ್ನು ನೋಡಿದವರಿಗೆ ಸಿಂಗಲ್‌ಟನ್ ಅಷ್ಟು ಹೊಸದು ಅನ್ನಿಸಲಿಕ್ಕಿಲ್ಲ.

ಒಂದು ತಕರಾರು ಮಾತ್ರ ನನ್ನಲ್ಲಿ ಉಳಿದಿದೆ. ಬಿಚ್ಚುವ ಹೊತ್ತಿಗೆ ಈ ಮನೆಯಲ್ಲಿ ಆಮೇಲಿನವರು ಸೇರಿಸಿದ ಚಿಮಣಿ ಇತ್ತು, ಹಾಲ್‌ಗೆ ಅಡ್ಡಲಾಗಿ ಹಾಕಿದ ಮಹಡಿ ಇತ್ತು. ಮ್ಯೂಸಿಯಂನವರು ಅವನ್ನೆಲ್ಲ ಬಿಟ್ಟು, ಸುಮಾರು 1540ರಲ್ಲಿ ಹೇಗಿತ್ತೋ ಹಾಗೆ ತೋರಿಸಿದ್ದಾರೆ. ಅದರಿಂದಲೇ ನಮಗೆ ಹೊಗೆಯ ಹಾಲ್ ನೋಡಲು ಸಿಕ್ಕಿದ್ದು, ನಿಜ. ಆದರೆ ನಾಲ್ಕುನೂರು ವರ್ಷ ಅಲ್ಲಿ ಇದ್ದವರ ಪಾಲು ಎಲ್ಲಿ ಹೋಯಿತು? ಹಾಗೆ ನೋಡಿದರೆ 1540ರ ಮನೆಯೂ ಒಬ್ಬರು ಕಟ್ಟಿದ್ದಲ್ಲ. ಯಜಮಾನನ ಕೋಣೆಗಳ ತುದಿಯನ್ನು ಹಾಲ್ ಕಟ್ಟಿ ಸುಮಾರು ನೂರು ವರ್ಷ ಆದಮೇಲೆ ಹೊಸದಾಗಿ ಕಟ್ಟಿದ್ದು.

ಚಿಮಣಿ ಬಂದದ್ದು ಸಣ್ಣ ವಿಷಯ ಆಗಿರಲಿಲ್ಲ. ಅದನ್ನು ಅದೇ ಮ್ಯೂಸಿಯಂನಲ್ಲಿ ನಡೆದುಕೊಂಡೇ ನೋಡಬಹುದು. ಪಾಪ್ಲರ್ ಕಾಟೇಜ್ ಎಂಬ 17ನೇ ಶತಮಾನದ ಚಿಕ್ಕ ಮನೆಯಲ್ಲಿ ಬೆಂಕಿ ಒಂದು ತುದಿಗೆ ಸರಿದಿದೆ. ಅಲ್ಲಿ ಒಂದು ಕಿರಿದಾದ ಅಂಕಣವನ್ನು ಮಾತ್ರ ಮಾಡಿನವರೆಗೆ ಹೊಗೆಗೆ ಬಿಟ್ಟುಕೊಟ್ಟಿದ್ದಾರೆ. 1609ರ ಪೆಂಡೀನ್ ಎಂಬ ರೈತಮನೆಗೆ ಹೋದರೆ ನಡುವೆಯೇ ಇಟ್ಟಿಗೆಯ ದೊಡ್ಡ ಚಿಮಣಿ ಎದ್ದಿದೆ. ಹಾಲ್ ಮೇಲೆ ಮಹಡಿ ಕೂತಿದೆ. ಹೊಗೆಗೆ ಕೊಟ್ಟಿದ್ದ ಅರ್ಧ ಮನೆಯನ್ನು ಮನುಷ್ಯರು ವಾಪಸ್ ತೆಗೆದುಕೊಂಡಿದ್ದಾರೆ. ಒಬ್ಬರು ಮೇಲೆ, ಒಬ್ಬರು ಕೆಳಗೆ, ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ. ಇಂಥ ಬದಲಾವಣೆ ಹಳ್ಳಿ ಹಳ್ಳಿಯಲ್ಲೂ ನಡೆಯಿತು. ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ಇತಿಹಾಸಕಾರರು 1953ರಲ್ಲಿ ಇದಕ್ಕೆ 'ಮಹಾ ಮರುನಿರ್ಮಾಣ' ಅಂತ ಹೆಸರು ಕೊಟ್ಟರು. ಅವರ ಪ್ರಕಾರ 1570ರಿಂದ 1640ರ ನಡುವಿನ ಕಥೆ ಇದು. ಕಾಲದ ಬಗ್ಗೆ ಆಮೇಲಿನವರು ಕಿತ್ತಾಡಿದ್ದಾರೆ, ಅದು ಇತಿಹಾಸಕಾರರ ಜಾಯಮಾನ.

ಆ ಕಾಲದಲ್ಲೇ ಬದುಕಿದ್ದ ಒಬ್ಬ ಗೊಣಗುವ ಪಾದ್ರಿ ನನಗೆ ಜಾಸ್ತಿ ಇಷ್ಟ. ಎಸೆಕ್ಸ್ ಪ್ರಾಂತ್ಯದ ರಾಡ್‌ವಿಂಟರ್ ಊರಿನ ವಿಲಿಯಂ ಹ್ಯಾರಿಸನ್. 1577ರಲ್ಲಿ ಮೊದಲು ಅಚ್ಚಾದ ಅವರ ಬರಹದಲ್ಲಿ ಊರಿನ ಮುದುಕರು ಹೇಳಿದ ಮಾತು ಇದೆ. ತಾವು ಹುಡುಗರಾಗಿದ್ದಾಗ ಹಳ್ಳಿಗೆ ಎರಡೋ ಮೂರೋ ಚಿಮಣಿ ಇದ್ದರೆ ಹೆಚ್ಚು, ಈಗ ನೋಡಿ, ಎಲ್ಲಿ ನೋಡಿದರೂ ಚಿಮಣಿ! ಮುಂದೆ ಹ್ಯಾರಿಸನ್ ಅವರದೇ ಗೊಣಗಾಟ. ಹೊಗೆ ಇದ್ದಾಗ ಯಾರಿಗೂ ತಲೆನೋವಿರಲಿಲ್ಲ, ಚಿಮಣಿ ಬಂದಮೇಲೆ ಎಲ್ಲರಿಗೂ ನೆಗಡಿ. ಹೊಗೆ ತೊಲೆಯನ್ನೂ ಗಟ್ಟಿ ಮಾಡುತ್ತಿತ್ತು, ಯಜಮಾನನನ್ನೂ ವೈದ್ಯನಿಂದ ಕಾಪಾಡುತ್ತಿತ್ತು. ಮನೆಗಳು ಮೆದು ವಿಲೋ ಮರದವಾಗಿದ್ದಾಗ ಮನುಷ್ಯರು ಓಕ್ ಹಾಗೆ ಗಟ್ಟಿಯಿದ್ದರು, ಈಗ ಮನೆ ಓಕ್, ಮನುಷ್ಯರು ವಿಲೋ!

ಗ್ಯಾಸ್ ಒಲೆ ಬಂದಾಗ ನಮ್ಮಜ್ಜಿ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ. ಅಡುಗೆಮನೆ ಅಟ್ಟಕ್ಕೆ ಹೊಗೆ ತಾಗದಿದ್ದರೆ ಬುಟ್ಟಿಗೆ ಹುಳ ಬೀಳುತ್ತದೆ ಅಂತ ಅವರ ತಕರಾರು. ಬಿತ್ತು ಕೂಡ.

ಹಾಲ್ ಎನ್ನುವ ಪದದ ಕಥೆ ಏನಾಯಿತು ನೋಡಿ. ಬೆಂಕಿ ಗೋಡೆಗೆ ಸರಿಯಿತು, ಕೋಣೆಗಳು ಹೆಚ್ಚಾದವು, ಹಾಲ್‌ಗೆ ಕೆಲಸ ಉಳಿಯಲಿಲ್ಲ. ಅದು ಕುಗ್ಗುತ್ತಾ ಕುಗ್ಗುತ್ತಾ ಇವತ್ತಿನ ಇಂಗ್ಲಿಷ್ ಮನೆಯಲ್ಲಿ ಮುಂಬಾಗಿಲ ಹಿಂದಿನ ಓಣಿಯಾಗಿದೆ. ಕೋಟು, ಛತ್ರಿ, ಕೆಸರಿನ ಶೂ ಬಿಡುವ ಜಾಗ. ಹಳೆಯ ಅರ್ಥವನ್ನು ಉಳಿಸಿಕೊಂಡವರು ನಾವು. ಬೆಂಗಳೂರಿನಲ್ಲಿ ಟೂ ಬಿಎಚ್‌ಕೆ ಅನ್ನುವಾಗ ಮಧ್ಯದ ಆ ಎಚ್ ಇದೆಯಲ್ಲ, ಅದು 15ನೇ ಶತಮಾನದ ಕೆಂಟ್ ರೈತನಿಗೆ ಥಟ್ಟನೆ ಅರ್ಥವಾಗುತ್ತದೆ. ಇವತ್ತಿನ ಲಂಡನ್ನಿನವರಿಗೆ ವಿವರಿಸಬೇಕು. ಆ ಪದಕ್ಕಾಗಿ ನಾವು ನಡುಮನೆ ಎನ್ನುವ ಚೆಂದದ ಮಾತನ್ನು ಬಿಟ್ಟುಕೊಟ್ಟೆವು ಅನ್ನುವುದೊಂದೇ ಬೇಸರ.

ಹೊರಡುವ ಮೊದಲು ಒಮ್ಮೆ ಮೇಲೆ ನೋಡಿದೆ. ಅಡ್ಡತೊಲೆಯ ನಡುವೆ ಒಂದು ಗಿಡ್ಡ ಕಂಬ, ಅದರಿಂದ ನಾಲ್ಕು ದಿಕ್ಕಿಗೆ ಕೊಂಬೆಗಳ ಹಾಗೆ ಆಸರೆಮರ. ಅದರ ಮೇಲೆ ಸಾಲಾಗಿ ಜಂತಿಗಳು. ಎಲ್ಲ ಕಪ್ಪು. ಅದು ಬಣ್ಣ ಅಲ್ಲ, ಇಲ್ಲಣ. ಹಳೆಯ ಮನೆಗಳಲ್ಲಿ ಸುಳ್ಳು ಚಾವಣಿಯ ಮೇಲೆ ಹತ್ತಿ ಇಂಥ ಮಸಿ ಕಂಡರೆ ಅಲ್ಲಿ ಹಿಂದೆ ತೆರೆದ ಹಾಲ್ ಇತ್ತು ಅಂತ ತಜ್ಞರು ಗುರುತು ಹಿಡಿಯುತ್ತಾರೆ. ಇಲ್ಲಣವನ್ನು ವರ್ಷಕ್ಕೊಮ್ಮೆ ಹೊಡೆದು ಸಗಣಿನೀರಲ್ಲಿ ಕೈ ತೊಳೆಯುತ್ತಿದ್ದ ನಮ್ಮಜ್ಜಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಸಂಜೆ ತಂಗಿಯ ಮನೆಗೆ ಬಂದು ಕೋಟು ಬಿಚ್ಚಿ ಅವಳ ಹಾಲ್‌ನಲ್ಲಿ ನೇತುಹಾಕಿದೆ. ಇಂಗ್ಲಿಷರ ಲೆಕ್ಕದ ಹಾಲ್. ಐದು ಹೆಜ್ಜೆ ಉದ್ದ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು. ಬೆಳಿಗ್ಗೆ ಆಫೀಸಿಗೆ ಹೊರಟ ತಂಗಿ ಅಲ್ಲೇ ನಿಂತು ಕೂಗಿದಳು.

"ಅಕ್ಕಾ, ಇಡೀ ಹಾಲ್ ಹೊಗೆ ವಾಸನೆ!"